ಕರಾರು ಇಬ್ಬರನ್ನೂ ಕಟ್ಟಲಿ: ಮುಖ್ಯ ಕಾರ್ಯದರ್ಶಿಗಳಿಗೆ ಸಣ್ಣ ಗುತ್ತಿಗೆದಾರನೊಬ್ಬನ ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಸರ್ಕಾರಿ ಕಾಮಗಾರಿಗಳ ಕರಾರಿನಲ್ಲಿ ನಷ್ಟದ ಹೊರೆಯೆಲ್ಲ ಗುತ್ತಿಗೆದಾರನ ಮೇಲೇ ಬೀಳುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಬ್ಬ ಸಣ್ಣ ಸಿವಿಲ್ ಗುತ್ತಿಗೆದಾರ. ಶಾಲಾ ಕೊಠಡಿ, ಅಂಗನವಾಡಿ ಕಟ್ಟಡ, ಸಿಸಿ ರಸ್ತೆ, ಚರಂಡಿ, ಹಳ್ಳಕ್ಕೊಂದು ಸಣ್ಣ ಸೇತುವೆ, ಇಂಥವೇ ನನ್ನ ಕೆಲಸಗಳು. ದೊಡ್ಡ ಕಂಪನಿಗಳ ಹಾಗೆ ಕಾನೂನು ನೋಡಿಕೊಳ್ಳಲು ಬೇರೆ ಜನ ನಮ್ಮ ಹತ್ತಿರ ಇರುವುದಿಲ್ಲ. ಟೆಂಡರ್ ಹಾಕುವವನೂ ನಾನೇ, ಜಲ್ಲಿ ಇಳಿಸಿಕೊಳ್ಳುವವನೂ ನಾನೇ, ಇಲಾಖೆಗೆ ಪತ್ರ ಬರೆಯುವವನೂ ನಾನೇ.

ಗುತ್ತಿಗೆದಾರರ ಸುದ್ದಿ ಪೇಪರಿನಲ್ಲಿ ಬಂದರೆ ಎರಡೇ ವಿಷಯಕ್ಕೆ ಬರುತ್ತದೆ. ಒಂದು ಬಾಕಿ ಬಿಲ್, ಇನ್ನೊಂದು ಕಮಿಷನ್. ಎರಡೂ ನಿಜವಾದ ಸಂಕಟಗಳೇ. ಕಮಿಷನ್ ಆರೋಪಗಳನ್ನು ನೋಡಲು ಸರ್ಕಾರವೇ ನಿವೃತ್ತ ನ್ಯಾಯಮೂರ್ತಿಗಳ ಆಯೋಗ ಮಾಡಿತ್ತು. 2025ರ ಮಾರ್ಚ್‌ನಲ್ಲಿ ಅದರ ವರದಿಯೂ ಸರ್ಕಾರದ ಕೈ ಸೇರಿದೆ. ಆದರೆ ಈ ಎರಡೂ ರೋಗ ಹುಟ್ಟುವ ಜಾಗದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದು ನಾವು ಸಹಿ ಹಾಕುವ ಕರಾರು. ನಾನು ತಪ್ಪಿದರೆ ಏನು ಮಾಡಬೇಕು ಅನ್ನುವುದಕ್ಕೆ ಅದರಲ್ಲಿ ಪುಟಗಟ್ಟಲೆ ಷರತ್ತುಗಳಿವೆ. ತಡವಾದರೆ ದಿನದ ಲೆಕ್ಕದಲ್ಲಿ ದಂಡ. ಕೆಲಸ ರದ್ದು. ಠೇವಣಿ ಮುಟ್ಟುಗೋಲು. ಬೇರೆಯವರ ಕೈಲಿ ಮಾಡಿಸಿ ಹೆಚ್ಚಿಗೆ ಬಿದ್ದ ಹಣ ನನ್ನಿಂದ ವಸೂಲಿ. ಕೊನೆಗೆ ಕಪ್ಪುಪಟ್ಟಿ. ಇಲಾಖೆ ತಪ್ಪಿದರೆ? ನಾನು ಸಹಿ ಹಾಕಿದ ಕರಾರುಗಳಲ್ಲಿ ಹುಡುಕಿದ್ದೇನೆ, ನನ್ನ ಕೈ ಹಿಡಿಯುವ ಷರತ್ತು ಸಿಕ್ಕಿಲ್ಲ. ನನ್ನದೇ ದುಡ್ಡನ್ನು ಹಕ್ಕಿನಿಂದ ಕೇಳುವ ದಾರಿ ಇಲ್ಲದಿದ್ದಾಗ ಟೇಬಲ್‌ನಿಂದ ಟೇಬಲ್‌ಗೆ ಕೈಮುಗಿದು ಅಲೆಯಬೇಕಾಗುತ್ತದೆ. ಹಾಗೆ ಅಲೆಯುವವನ ಹತ್ತಿರವೇ ಅಲ್ವಾ ಕಮಿಷನ್ ಕೇಳುವುದು?

ಈ ಪತ್ರ ನಿಮಗೇ ಯಾಕೆ ಅಂದರೆ, ಇಲಾಖೆಯಲ್ಲಿ ಕೇಳಿದರೆ ಹಣಕಾಸಿನವರು ಬಿಡುಗಡೆ ಮಾಡಿಲ್ಲ ಅನ್ನುತ್ತಾರೆ. ಹಣಕಾಸಿನವರನ್ನು ಕೇಳಿದರೆ ಇಲಾಖೆಯವರು ಅನುದಾನ ಮೀರಿ ಕೆಲಸ ಕೊಟ್ಟಿದ್ದಾರೆ ಅನ್ನುತ್ತಾರೆ. ಎರಡೂ ಕಡೆಯವರನ್ನು ಒಂದೇ ಮೇಜಿನ ಮುಂದೆ ಕೂರಿಸಬಲ್ಲ ಅಧಿಕಾರಿ ತಾವು.

ಒಂದು ಕೆಲಸದ ಕಥೆ ಹೇಳುತ್ತೇನೆ. ಊರಿನ ಹೆಸರು, ಇಲಾಖೆಯ ಹೆಸರು ಬೇಡ. ಯಾವುದೋ ಒಬ್ಬ ಎಂಜಿನಿಯರ್‌ಗೆ ನೋಟಿಸ್ ಕೊಡಿಸುವುದರಿಂದ ನನಗೆ ಆಗಬೇಕಾದ್ದು ಏನೂ ಇಲ್ಲ.

2021ರ ಕೊನೆಯಲ್ಲಿ ಎರಡು ಶಾಲಾ ಕೊಠಡಿ ಕಟ್ಟುವ ಕೆಲಸ ನನಗಾಯಿತು. ಅವಧಿ ಆರು ತಿಂಗಳು. ವರ್ಕ್ ಆರ್ಡರ್ ಕೈಗೆ ಬಂದ ದಿನದಿಂದಲೇ ಅವಧಿ ಎಣಿಕೆ ಶುರು. ಹೋಗಿ ನೋಡಿದರೆ ಕೊಠಡಿ ಕಟ್ಟಬೇಕಾದ ಜಾಗದಲ್ಲಿ ಹಳೆಯ ಹೆಂಚಿನ ಕೊಠಡಿ ನಿಂತಿತ್ತು. ಅದನ್ನು ಕೆಡವಲು ಇನ್ನೊಂದು ಇಲಾಖೆಯ ಅನುಮತಿ ಬೇಕು. ಕಡತ ತಾಲ್ಲೂಕಿನಿಂದ ಜಿಲ್ಲೆಗೆ ಹೋಯಿತು, ಏನೋ ಕೊರತೆ ಅಂತ ವಾಪಸ್ ಬಂತು, ಮತ್ತೆ ಹೋಯಿತು. ಜಾಗ ಖಾಲಿಯಾಗಿ ನನ್ನ ಕೈ ಸೇರಿದಾಗ ಏಪ್ರಿಲ್ ಬಂದಿತ್ತು. ಅಷ್ಟರಲ್ಲಿ ಉಕ್ರೇನ್ ಯುದ್ಧ ಶುರುವಾಗಿತ್ತು. ಆಗ ಕಬ್ಬಿಣದ ರೇಟು ಹೇಗೆ ಏರಿತು ಅಂತ 2022ರಲ್ಲಿ ಮನೆ ಕಟ್ಟಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಕರಾರಿನಲ್ಲಿ ಬೆಲೆ ಹೊಂದಾಣಿಕೆಯ ಷರತ್ತು ಇರಲಿಲ್ಲ. ಅವಧಿ ಚಿಕ್ಕದಾದ್ದರಿಂದ ಅದು ಬೇಡ ಅನ್ನುವುದು ಲೆಕ್ಕಾಚಾರ. ಸರಿ, ಚಿಕ್ಕ ಅವಧಿಯಲ್ಲೇ ಮುಗಿಸಲು ಬಿಟ್ಟಿದ್ದರೆ ನನಗೂ ಬೇಕಿರಲಿಲ್ಲ.

ಪಾಯ ಅಗೆಯಲು ಶುರು ಮಾಡಿದ ಮೇಲೆ ಇನ್ನೊಂದು ತೊಡಕು. ನಾಲ್ಕೂವರೆ ಅಡಿಗೆ ಗಟ್ಟಿ ನೆಲ ಸಿಗುತ್ತದೆ ಅಂತ ಎಸ್ಟಿಮೇಟ್ ಹೇಳುತ್ತಿತ್ತು. ಅದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಂದರೆ ಉಬ್ಬುತ್ತದೆ. ಅದರ ಮೇಲೆ ಹಾಗೇ ಗೋಡೆ ಎಬ್ಬಿಸಿದರೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳು ಬೀಳುತ್ತದೆ. ಏಳು ಅಡಿ ಹೋದರೂ ಕಪ್ಪು ಮಣ್ಣೇ ಬರುತ್ತಿತ್ತು. ಎಂಜಿನಿಯರ್ ಬಂದರು. ಸಲಾಕೆ ತರಿಸಿ ಗುಂಡಿಯ ತಳಕ್ಕೆ ಊರಿಸಿದರು. ಅದು ಸರಕ್ಕನೆ ಇಳಿಯಿತು. “ಇನ್ನೂ ಕೆಳಗ ಹೋಗ್ರಿ, ಗರಸು ತುಂಬಿ ಧಮ್ಮಸ್ ಮಾಡ್ರಿ. ಎಕ್ಸ್‌ಟ್ರಾ ಐಟಂ ಆಮೇಲೆ ಹಾಕೋಣು” ಅಂದರು. ಬರೆದು ಕೊಡಿ ಸರ್ ಅಂದೆ. “ರಿವೈಸ್ಡ್ ಎಸ್ಟಿಮೇಟ್ ಕಳಸ್ತೀವಿ, ಕೆಲಸ ನಿಲ್ಲಿಸಬ್ಯಾಡ್ರಿ” ಅಂದರು. ಮುಂಗಾರು ಹತ್ತಿರ ಬಂದಿತ್ತು. ತೆರೆದ ಪಾಯದೊಳಗೆ ನೀರು ನಿಂತರೆ ಬದಿಯ ಮಣ್ಣು ಕುಸಿದು ಮೊದಲಿಂದ ಅಗೆಯಬೇಕು. ಮಕ್ಕಳು ಕೂರುವ ಕಟ್ಟಡ ಬೇರೆ. ಗಟ್ಟಿ ನೆಲ ಸಿಗುವವರೆಗೆ ಅಗೆದು, ಟ್ರ್ಯಾಕ್ಟರ್‌ಗಟ್ಟಲೆ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತಂದು ತುಂಬಿಸಿ, ನೀರು ಬಿಟ್ಟು, ಧಮ್ಮಸ್ ಹೊಡೆಸಿ ಗಟ್ಟಿ ಮಾಡಿ ಪಾಯ ಹಾಕಿದೆ.

ಎಂಬಿಯಲ್ಲಿ, ಅಂದರೆ ಎಂಜಿನಿಯರ್ ಕೆಲಸ ಅಳೆದು ಬರೆಯುವ ಅಳತೆ ಪುಸ್ತಕದಲ್ಲಿ, ಬಂದದ್ದು ನಾಲ್ಕೂವರೆ ಅಡಿ ಮಾತ್ರ. ರಿವೈಸ್ಡ್ ಎಸ್ಟಿಮೇಟ್ ಹೋಯಿತೋ ಇಲ್ಲವೋ ಇವತ್ತಿಗೂ ನನಗೆ ಉತ್ತರ ಬಂದಿಲ್ಲ. ಆ ಎಂಜಿನಿಯರ್ ವರ್ಗವಾದರು. ಬಂದ ಹೊಸಬರು, ನೆಲದೊಳಗೆ ಮುಚ್ಚಿಹೋಗಿರುವುದನ್ನು ನಾನು ಹೇಗೆ ಅಳೆದು ಬರೆಯಲಿ ಅಂದರು. ಅವರ ಮಾತನ್ನೂ ತೆಗೆದುಹಾಕುವಂತಿಲ್ಲ. ನಾಳೆ ಆಡಿಟ್ ಆಕ್ಷೇಪ ಬಂದರೆ ಅವರ ಪೆನ್ಷನ್‌ಗೆ ಕುತ್ತು. ಬಾಯಿಮಾತಿನಲ್ಲಿ ಹೇಳಿದವರು ಕ್ಷೇಮ, ಬರೆಯದವರು ಕ್ಷೇಮ. ನಷ್ಟ ಮಾತ್ರ ಕೆಲಸ ಮಾಡಿದವನಿಗೆ.

ಇದಕ್ಕೆ ಕಾನೂನಿನಲ್ಲಿ ಉತ್ತರ ಇಲ್ಲ ಅಂತಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಸೆಕ್ಷನ್ ಇರುವುದೇ ಇದಕ್ಕೆ. ಧರ್ಮಾರ್ಥ ಅಲ್ಲದೆ ಒಬ್ಬ ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬ ಪಡೆದರೆ ಅದಕ್ಕೆ ಹಣ ಕೊಡಬೇಕು. ಪಶ್ಚಿಮ ಬಂಗಾಳದಲ್ಲಿ ಅಧಿಕಾರಿಗಳು ಹೇಳಿದರು ಅಂತ ಸರಿಯಾದ ಕರಾರಿಲ್ಲದೆ ಕಟ್ಟಡ ಕಟ್ಟಿಕೊಟ್ಟ ಗುತ್ತಿಗೆದಾರನಿಗೆ ಸುಪ್ರೀಂ ಕೋರ್ಟ್ ಇದೇ ಸೆಕ್ಷನ್ ಅಡಿ ಹಣ ಕೊಡಿಸಿ ಅರವತ್ತು ವರ್ಷದ ಮೇಲಾಯಿತು. ಆದರೆ ಕೆಲವು ಲಕ್ಷ ರೂಪಾಯಿಯ ಗರಸಿನ ದುಡ್ಡಿಗೆ ನಾನು ಎಲ್ಲಿಯವರೆಗೆ ಕೇಸು ನಡೆಸಲಿ? ತೀರ್ಪು ಬರುವ ಹೊತ್ತಿಗೆ ವಕೀಲರ ಫೀ ಅದನ್ನು ನುಂಗಿರುತ್ತದೆ. ಕಾಯ್ದೆಯಲ್ಲಿ ಇರುವ ನ್ಯಾಯ ಕರಾರಿನ ಒಳಗೇ ಬರಬೇಕು ಅನ್ನುವುದು ನನ್ನ ಬೇಡಿಕೆ.

ಇನ್ನು ಅವಧಿ ವಿಸ್ತರಣೆಯ ವಿಷಯ. ಜಾಗ ಕೊಟ್ಟಿದ್ದು ತಡ, ಪಾಯ ಆಳವಾಗಿದ್ದಕ್ಕೆ ತಡ, ಆಮೇಲೆ ಮಳೆ. ಆರು ತಿಂಗಳಲ್ಲಿ ಮುಗಿಯುವುದು ಸಾಧ್ಯವೇ ಇರಲಿಲ್ಲ. ವಿಸ್ತರಣೆ ಕೇಳಿದೆ. ಕೊಡುತ್ತೇವೆ, ಆದರೆ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಡಿ ಅಂದರು. ‘ಈ ವಿಳಂಬದ ಬಾಬ್ತು ಯಾವುದೇ ಹೆಚ್ಚುವರಿ ಹಣ ಕೇಳುವುದಿಲ್ಲ, ಕೋರ್ಟಿಗೆ ಹೋಗುವುದಿಲ್ಲ’ ಅಂತ. ಬರೆಯದಿದ್ದರೆ ವಿಸ್ತರಣೆ ಇಲ್ಲ. ವಿಸ್ತರಣೆ ಇಲ್ಲದಿದ್ದರೆ ಬಿಲ್ ಇಲ್ಲ, ಮೇಲೆ ದಂಡ. ಇಂಥ ಕಾಗದವನ್ನು ಯಾರಾದರೂ ಮನಸ್ಸಿಂದ ಬರೆದುಕೊಡುತ್ತಾರಾ? ಒತ್ತಡ ಹಾಕಿ ಬರೆಸಿಕೊಂಡ ‘ಬಾಕಿ ಏನೂ ಇಲ್ಲ’ ಅನ್ನುವ ಚೀಟಿಯಿಂದ ಹಕ್ಕು ಮುಗಿದುಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆದರೂ ಫೈನಲ್ ಬಿಲ್ ಹೊತ್ತಿಗೆ ನನ್ನಿಂದ ಅಂಥದ್ದೇ ಇನ್ನೊಂದು ಚೀಟಿ ಬರೆಸಿಕೊಂಡರು. ಕೆಲಸಕ್ಕೆ ಬಂದ ಅಡ್ಡಿಗಳನ್ನು ತಾರೀಖಿನ ಸಮೇತ ಬರೆದಿಡಲು ಹಿಂಡರೆನ್ಸ್ ರಿಜಿಸ್ಟರ್ ಅಂತ ಒಂದು ಪುಸ್ತಕ ಇದೆ. ನನ್ನ ಕೆಲಸದ ರಿಜಿಸ್ಟರ್‌ನಲ್ಲಿ ಹಳೆಯ ಕೊಠಡಿಯ ಮಾತೇ ಇರಲಿಲ್ಲ. ಪುಟ ಖಾಲಿ.

ಅದೇ 1872ರ ಕಾಯ್ದೆಯಲ್ಲಿ 54ನೇ ಸೆಕ್ಷನ್ ಇದೆ. ಇಬ್ಬರೂ ಒಬ್ಬರಿಗೊಬ್ಬರು ಮಾತು ಕೊಟ್ಟಿರುವಾಗ, ಮೊದಲು ನಡೆದುಕೊಳ್ಳಬೇಕಾದವನು ನಡೆದುಕೊಳ್ಳದಿದ್ದರೆ ಇನ್ನೊಬ್ಬನನ್ನು ಕೇಳುವ ಹಕ್ಕು ಅವನಿಗಿಲ್ಲ, ನಷ್ಟವನ್ನೂ ಅವನೇ ತುಂಬಬೇಕು ಅನ್ನುತ್ತದೆ ಅದು. ಕಾಯ್ದೆ ಅದಕ್ಕೆ ಕೊಡುವ ಉದಾಹರಣೆಗಳಲ್ಲಿ ಒಂದು ನಮ್ಮದೇ ಕಸುಬಿನದು. ಕಟ್ಟಡ ಕೆಲಸ ಒಪ್ಪಿಕೊಂಡ ಒಬ್ಬನಿಗೆ ಸಾರುವೆ, ಮರಮುಟ್ಟು ಒದಗಿಸುತ್ತೇನೆ ಅಂತ ಮಾಲೀಕ ಒಪ್ಪಿರುತ್ತಾನೆ, ಆಮೇಲೆ ಕೊಡುವುದಿಲ್ಲ. ಆಗ ಕಟ್ಟುವವನು ಕೆಲಸ ಮಾಡಬೇಕಿಲ್ಲ, ಅವನ ನಷ್ಟ ಮಾಲೀಕನೇ ಕೊಡಬೇಕು. ಬ್ರಿಟಿಷರ ಕಾಲದ ಕಾಯ್ದೆಗೆ ಅರ್ಥವಾದ ಈ ಮಾತು ಇವತ್ತಿನ ಟೆಂಡರ್ ಫಾರ್ಮಿನಲ್ಲಿ ಯಾಕಿಲ್ಲ? ಸಾರುವೆ ಕೊಡದಿರುವುದಕ್ಕೂ ಜಾಗವನ್ನೇ ಕೊಡದಿರುವುದಕ್ಕೂ ಏನು ವ್ಯತ್ಯಾಸ?

ತಡಕ್ಕೆ ಯಾರು ಕಾರಣ ಅಂತ ತೀರ್ಮಾನ ಮಾಡುವವರು ಯಾರು ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ನನ್ನ ಕರಾರಿನ ಪ್ರಕಾರ ಇಲಾಖೆಯ ಅಧಿಕಾರಿಯೇ. ಜಾಗ ಕೊಡದ ಇಲಾಖೆಯೇ ಕೂತು, ತಡ ಗುತ್ತಿಗೆದಾರನಿಂದಲೇ ಆಯಿತು, ಇಷ್ಟು ದಂಡ ಹಿಡಿಯಿರಿ ಅಂತ ಬರೆಯುತ್ತದೆ. ಇದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ರಾಜ್ಯದ ಕೇಸಿನಲ್ಲೇ. ತೀರ್ಥಹಳ್ಳಿಯ ಒಂದು ಅಕ್ಕಿ ಗಿರಣಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಆ ಕೇಸಿನ ತೀರ್ಪು 1987ರದು. ಕರಾರು ಮುರಿದಿದ್ದೇ ಇಲ್ಲ ಅಂತ ಎದುರು ಪಕ್ಷ ಹೇಳುತ್ತಿರುವಾಗ, ಮುರಿದಿದ್ದಾರೆ ಅಂತ ಸರ್ಕಾರದ ಅಧಿಕಾರಿಯೇ ತೀರ್ಮಾನಿಸಿ ನಷ್ಟ ವಸೂಲಿ ಮಾಡುವಂತಿಲ್ಲ, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವಂತಿಲ್ಲ ಅಂತ ಕೋರ್ಟ್ ಹೇಳಿತು. ದಂಡದ ಮೊತ್ತದ ಬಗ್ಗೆಯೂ 74ನೇ ಸೆಕ್ಷನ್ ಸ್ಪಷ್ಟವಾಗಿದೆ. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಅಷ್ಟೇ ಸಿಗಬೇಕು. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಅಂತ 2015ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ತೀರ್ಪುಗಳು ರಾಜ್ಯದ ಕಾನೂನು ಇಲಾಖೆಗೆ ಗೊತ್ತಿಲ್ಲದ್ದೇನೂ ಅಲ್ಲ. ವಿಭಾಗ ಕಚೇರಿಯ ಮೇಜಿನವರೆಗೆ ಇಳಿದು ಬಂದಿಲ್ಲ, ಅಷ್ಟೇ.

ಈಗ ದುಡ್ಡಿನ ಮಾತು. ನನ್ನ ಕಡೆ ಪ್ರತಿ ವಾರ ಸಂತೆ ದಿನ ಬಟವಾಡೆ. ಸೆಂಟ್ರಿಂಗ್‌ನವರು, ಬಾರ್ ಬೆಂಡಿಂಗ್‌ನವರು, ಗಾರೆಯವರು, ಹೊತ್ತು ಹಾಕುವ ಹೆಣ್ಣುಮಕ್ಕಳು ಸಂಜೆ ಐದಕ್ಕೆ ಸಾಲಾಗಿ ಬಂದು ನಿಲ್ಲುತ್ತಾರೆ. ಸರ್ಕಾರದ ಅನುದಾನ ಬಂದಿಲ್ಲ ಅಂತ ಅವರಿಗೆ ಹೇಳಲು ಬರುತ್ತಾ? ಹೇಳಬಾರದು ಕೂಡ. ಕೂಲಿ ಕೊಡದಿದ್ದರೆ ಕಾನೂನು ನನ್ನನ್ನು ಹಿಡಿಯುತ್ತದೆ, ಹಿಡಿಯಲೇಬೇಕು. ಸಿಮೆಂಟ್ ಅಂಗಡಿಯವರು ಸ್ವಲ್ಪ ದಿನ ತಡೆಯುತ್ತಾರೆ, ಆಮೇಲೆ ಬಡ್ಡಿ ಹಾಕುತ್ತಾರೆ. ಬ್ಯಾಂಕ್ ಒಂದು ದಿನವೂ ತಡೆಯುವುದಿಲ್ಲ. ಹೆಂಡತಿಯ ಚಿನ್ನ ಅಡವಿಡದೆ ಒಂದು ಕೆಲಸ ಮುಗಿಸಿದ ಸಣ್ಣ ಗುತ್ತಿಗೆದಾರನನ್ನು ನಮ್ಮ ತಾಲ್ಲೂಕಿನಲ್ಲಿ ನಾನು ನೋಡಿಲ್ಲ.

ತೆರಿಗೆಯ ಲೆಕ್ಕ ಕೇಳಿ. ಬಿಲ್ ಜೊತೆ ಜಿಎಸ್‌ಟಿ ಇನ್‌ವಾಯ್ಸ್ ಕೊಡಿ ಅನ್ನುತ್ತಾರೆ. ಇನ್‌ವಾಯ್ಸ್ ಕೊಟ್ಟರೆ ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಬೇಕು. ತಡವಾದರೆ ವರ್ಷಕ್ಕೆ ಶೇ 18 ಬಡ್ಡಿ. ನನಗಿನ್ನೂ ಬಾರದ ದುಡ್ಡಿಗೆ ನಾನು ಸರ್ಕಾರಕ್ಕೆ ತೆರಿಗೆ ಕಟ್ಟಿ, ಆ ದುಡ್ಡನ್ನು ಅದೇ ಸರ್ಕಾರದಿಂದ ವಸೂಲಿ ಮಾಡಲು ಕಾಯುತ್ತಾ ಕೂರುತ್ತೇನೆ. ಸಾಲದ್ದಕ್ಕೆ 2022ರ ಜುಲೈ 18ರಿಂದ ಇಂಥ ಸರ್ಕಾರಿ ಕಟ್ಟಡ ಕೆಲಸಗಳ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿತು. ನಾನು ಟೆಂಡರ್ ಹಾಕಿದ್ದು ಶೇ 12ರ ಲೆಕ್ಕದಲ್ಲಿ. ಜಾಗ ಸಮಯಕ್ಕೆ ಸಿಕ್ಕಿದ್ದರೆ ಜುಲೈಗೆ ಮೊದಲೇ ಬಿಲ್ ಆಗುತ್ತಿತ್ತು. ಶೇ 6 ಅಂದರೆ ಸಣ್ಣ ಕೆಲಸದಲ್ಲಿ ನನ್ನ ಲಾಭದ ದೊಡ್ಡ ಪಾಲು. ವ್ಯತ್ಯಾಸ ಕೊಡಿ ಅಂದರೆ ‘ತೆರಿಗೆ ಸೇರಿ’ ಅಂತ ನೀವೇ ಒಪ್ಪಿದ್ದೀರಿ ಅಂದರು. ಟೆಂಡರ್ ಹಾಕಿದ ಮೇಲೆ ಸರ್ಕಾರವೇ ತೆರಿಗೆ ಬದಲಿಸಿದರೆ ಅದನ್ನು ಗುತ್ತಿಗೆದಾರ ಹೇಗೆ ಮೊದಲೇ ಊಹಿಸಬೇಕಿತ್ತು?

ರಾಯಧನ, ಅಂದರೆ ಜಲ್ಲಿಯಂಥ ಖನಿಜಕ್ಕೆ ಸರ್ಕಾರಕ್ಕೆ ಸಲ್ಲಬೇಕಾದ ಹಣ, ಅದರದ್ದೂ ಇದೇ ಪಾಡು. ಕ್ರಷರ್‌ನಿಂದ ಬಿಲ್ ಸಮೇತ ಜಲ್ಲಿ ತಂದಿದ್ದರೂ ಖನಿಜ ಸಾಗಣೆ ಪರವಾನಗಿಯ ಪ್ರತಿ ಸಿಗಲಿಲ್ಲ ಅಂತ ಬಿಲ್‌ನಲ್ಲಿ ರಾಯಧನದ ಜೊತೆ ದಂಡವನ್ನೂ ಹಿಡಿಯುತ್ತಾರೆ. ಕ್ರಷರ್ ಮಾಲೀಕ ರಾಯಧನ ತಪ್ಪಿಸಿದ್ದರೆ ಅವನನ್ನು ಹಿಡಿಯಲು ಗಣಿ ಇಲಾಖೆ ಇದೆ.

ಸರ್ಕಾರದಿಂದ ಬರಬೇಕಾದ ಹಣ ವರ್ಷ ತಡವಾದರೆ ನನಗೆ ಸಿಗುವ ಬಡ್ಡಿ ಎಷ್ಟು? ಸೊನ್ನೆ. ತಡವಾದ ಪಾವತಿಗೆ ಬಡ್ಡಿ ಕೇಳುವಂತಿಲ್ಲ ಅಂತ ಕರಾರಿನಲ್ಲಿ ಒಂದು ಸಾಲು ಬರೆದಿದ್ದರೆ ಆಯಿತು, ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವ ಮಧ್ಯಸ್ಥಗಾರರೂ (ಆರ್ಬಿಟ್ರೇಟರ್) ಬಡ್ಡಿ ಕೊಡಿಸುವಂತಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದೊಳಗೆ ಹಣ ಕೊಡಬೇಕು, ಇಲ್ಲದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ ಇದೆ. ನಾವೂ ನೋಂದಣಿ ಮಾಡಿಸಿಕೊಂಡೆವು. ಆದರೆ ಕಟ್ಟಡ ಗುತ್ತಿಗೆ ಈ ಕಾಯ್ದೆಯೊಳಗೆ ಬರುವುದಿಲ್ಲ ಅಂತ ಕೆಲ ಹೈಕೋರ್ಟ್‌ಗಳು ಹೇಳಿರುವುದರಿಂದ ಅಲ್ಲಿಯೂ ಬಾಗಿಲು ಅರ್ಧ ಮುಚ್ಚಿದೆ. ಇಟ್ಟಿಗೆ ಮಾಡಿ ಮಾರುವ ಸಣ್ಣ ಉದ್ಯಮಿಗೆ ರಕ್ಷಣೆ ಇದೆ, ಅದೇ ಇಟ್ಟಿಗೆ ಇಟ್ಟು ಕಟ್ಟಿದವನಿಗೆ ಇಲ್ಲ.

ಇಲ್ಲಿ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್ 29ರಂದು ತನ್ನ ಇಲಾಖೆಗಳಿಗೆ ಒಂದು ಸೂಚನೆ ಕೊಟ್ಟಿದೆ. ರನ್ನಿಂಗ್ ಬಿಲ್ (ಕೆಲಸ ನಡೆಯುತ್ತಿರುವಾಗ ಕೊಡುವ ಬಿಲ್) ಕೊಟ್ಟ 10 ಕೆಲಸದ ದಿನಗಳೊಳಗೆ ಕನಿಷ್ಠ ಶೇ 75 ಹಣ ಕೊಡಿ, ಉಳಿದದ್ದನ್ನು ಪರಿಶೀಲಿಸಿ 28 ಕೆಲಸದ ದಿನಗಳೊಳಗೆ ಕೊಡಿ ಅನ್ನುತ್ತದೆ. 30 ಕೆಲಸದ ದಿನ ಮೀರಿದರೆ ಬಡ್ಡಿ ಕೊಡುವ ಷರತ್ತು ಇಟ್ಟುಕೊಳ್ಳಲೂ ಅವಕಾಶ ಕೊಟ್ಟಿದೆ. ಕರ್ನಾಟಕ ಇದನ್ನೇ ತನ್ನ ಟೆಂಡರ್ ದಾಖಲೆಗಳಲ್ಲಿ ಸೇರಿಸಿಕೊಂಡರೆ ಸಾಕು. ಸರ್ಕಾರಿ ಟೆಂಡರ್‌ಗಳಿಗೆ 1999ರ ಪಾರದರ್ಶಕತೆ ಕಾಯ್ದೆ ಇರುವ ರಾಜ್ಯ ನಮ್ಮದು. ಟೆಂಡರ್ ಕರೆಯುವುದರಲ್ಲಿ ಇರುವ ಶಿಸ್ತು ಹಣ ಕೊಡುವುದರಲ್ಲೂ ಬರಲಿ.

ಜಾಸ್ತಿ ಜನರ ಗಮನಕ್ಕೆ ಬಾರದ ಇನ್ನೊಂದು ಗಂಡಾಂತರ ಇದೆ. ಅದು ಕಾಲಮಿತಿ. ಮಾಡಿದ ಕೆಲಸದ ಹಣಕ್ಕೆ ದಾವಾ ಹಾಕಲು 1963ರ ಕಾಲಮಿತಿ ಕಾಯ್ದೆಯಲ್ಲಿ ಇರುವುದು 3 ವರ್ಷ. ಗುತ್ತಿಗೆದಾರ ಏನು ಮಾಡುತ್ತಾನೆ? ಈ ಮಾರ್ಚ್‌ಗೆ ಎಲ್‌ಒಸಿ (ಹಣ ಬಿಡುಗಡೆಯ ಪತ್ರ) ಬರುತ್ತೆ ಅಂತ ಕಾಯುತ್ತಾನೆ. ಬರುವುದಿಲ್ಲ. ಮುಂದಿನ ಬಜೆಟ್ ಆಗಲಿ ಅನ್ನುತ್ತಾರೆ. ಚುನಾವಣೆ ಬರುತ್ತದೆ, ಸರ್ಕಾರ ಬದಲಾಗುತ್ತದೆ, ಹಳೆಯ ಕೆಲಸಗಳ ತನಿಖೆ ಅನ್ನುತ್ತಾರೆ. ಕೇಸು ಹಾಕಿದರೆ ಮುಂದೆ ಕೆಲಸ ಕೊಡಲ್ಲ ಅನ್ನುವ ಭಯ ಬೇರೆ. ಹೀಗೆ ನಂಬಿ ಕೂತವನ 3 ವರ್ಷ ದಾಟಿರುತ್ತದೆ. ಆಮೇಲೆ ಕೋರ್ಟಿಗೆ ಹೋದರೆ ಇದೇ ಸರ್ಕಾರದ ವಕೀಲರು ಮೊದಲು ಎತ್ತುವ ಆಕ್ಷೇಪ, ಅವಧಿ ಮೀರಿದೆ ಅಂತ. ಸ್ವಾಮಿ, ಕಾಯಿರಿ ಅಂದವರೇ ಯಾಕೆ ಕಾದೆ ಅಂತ ಕೇಳಿದರೆ ಹೇಗೆ? ಅವಧಿಯೊಳಗೆ ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿಕೊಂಡರೆ ಅಂದಿನಿಂದ ಹೊಸ ಅವಧಿ ಶುರುವಾಗುತ್ತದೆ ಅಂತ ಅದೇ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದಲೇ ಇರಬೇಕು, ಎಷ್ಟು ಬಾಕಿ ಇದೆ ಅಂತ ಒಂದು ಸಾಲು ಬರೆದುಕೊಡಿ ಅಂದರೆ ಕಚೇರಿಯಲ್ಲಿ ಯಾರೂ ಪೆನ್ನು ಎತ್ತುವುದಿಲ್ಲ.

ನ್ಯಾಯ ಕೇಳುವ ದಾರಿಗಳೂ ಒಂದೊಂದಾಗಿ ಕಿರಿದಾಗುತ್ತಿವೆ. ಸರ್ಕಾರದ ಮೇಲೆ ದಾವಾ ಹಾಕಬೇಕಾದರೆ ಸಾಮಾನ್ಯವಾಗಿ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು. 3 ಲಕ್ಷಕ್ಕಿಂತ ಮೇಲಿನ ನಿರ್ಮಾಣ ವ್ಯಾಜ್ಯ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ಪರಿಹಾರ ಬೇಕಿಲ್ಲದಿದ್ದರೆ ಅಲ್ಲಿಯೂ ಮೊದಲು ರಾಜಿ ಮಾತುಕತೆಗೆ (ಮೀಡಿಯೇಷನ್) ಕೂರಬೇಕು. ಕೂರಲು ನಾವು ಸಿದ್ಧ, ಆದರೆ ಇಷ್ಟಕ್ಕೆ ಮುಗಿಸೋಣ ಅನ್ನುವ ಅಧಿಕಾರ ಇರುವ ಅಧಿಕಾರಿ ಎದುರು ಬರಬೇಕಲ್ಲ. ಹೈಕೋರ್ಟಿಗೆ ರಿಟ್ ಹಾಕಿದರೆ ಬಹಳ ಸಲ ‘ಅರ್ಜಿದಾರರ ಮನವಿಯನ್ನು ಪರಿಗಣಿಸಿ’ ಅನ್ನುವ ಆದೇಶ ಬರುತ್ತದೆ. ಇಲಾಖೆ ಪರಿಗಣಿಸುತ್ತದೆ, ಅನುದಾನ ಇಲ್ಲ ಅಂತ ಹಿಂಬರಹ ಕೊಡುತ್ತದೆ. ಆರ್ಬಿಟ್ರೇಷನ್‌ಗೆ ಹೋಗೋಣ ಅಂದರೆ, ಇಲಾಖೆಯೇ ತನಗೆ ಬೇಕಾದವರನ್ನು ಮಧ್ಯಸ್ಥಗಾರರಾಗಿ ನೇಮಿಸುವ ಪದ್ಧತಿ ಬಹಳ ಕಾಲ ನಡೆಯಿತು. ಸರ್ಕಾರಿ ಕರಾರುಗಳಲ್ಲಿ ಒಂದೇ ಪಕ್ಷ ಮಧ್ಯಸ್ಥಗಾರರನ್ನು ನೇಮಿಸುವುದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 8ರಂದು ಹೇಳಿತು. ಒಳ್ಳೆಯದಾಯಿತು. ಆದರೆ ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ ಬೇರೆಯದೇ ಸಲಹೆ ಕೊಟ್ಟಿತ್ತು. 10 ಕೋಟಿಗಿಂತ ಮೇಲಿನ ವ್ಯಾಜ್ಯಗಳಿಗೆ ಸುಮ್ಮನೆ ರೂಢಿ ಅಂತ ಆರ್ಬಿಟ್ರೇಷನ್ ಷರತ್ತು ಹಾಕಬೇಡಿ ಅಂತ. ರಾಜ್ಯವೂ ಅದೇ ದಾರಿ ಹಿಡಿದು ಷರತ್ತನ್ನೇ ಕಿತ್ತುಹಾಕಿದರೆ ತೀರ್ಪಿನಿಂದ ನಮಗೆ ಬಂದ ಲಾಭ ಏನು? ಬೆಂಗಳೂರಿನ ಖನಿಜ ಭವನದಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಆರ್ಬಿಟ್ರೇಷನ್ ಕೇಂದ್ರ ನಡೆಯುತ್ತಿದೆ. ಸಣ್ಣ ವ್ಯಾಜ್ಯಗಳನ್ನು ಅಲ್ಲಿಗೆ ಕಳಿಸುವ ಷರತ್ತನ್ನು ಎಲ್ಲ ಕರಾರುಗಳಲ್ಲೂ ಹಾಕಬಹುದು. ಹಾವೇರಿ, ಕಲಬುರಗಿಯವರು ಆನ್‌ಲೈನ್‌ನಲ್ಲೇ ಹಾಜರಾಗುವಂತೆಯೂ ಮಾಡಬಹುದು.

ಕಪ್ಪುಪಟ್ಟಿಯ ಬಗ್ಗೆ ಒಂದೇ ಮಾತು. ಕೇಳದೆ, ವಾದಕ್ಕೆ ಅವಕಾಶ ಕೊಡದೆ ಯಾರನ್ನೂ ಕಪ್ಪುಪಟ್ಟಿಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ. ಕಾಗದದ ಮೇಲೆ ಯಾರೂ ಹಾಕುವುದಿಲ್ಲ ನಿಜ. ‘ಕೇಸು ಹಾಕಿದವನು’ ಅನ್ನುವ ಹೆಸರು ಬಂದರೆ ಬಾಯಿಮಾತಿನ ಕಪ್ಪುಪಟ್ಟಿ ತಾನಾಗೇ ತಯಾರಾಗುತ್ತದೆ.

ನಮ್ಮಲ್ಲಿ ಕಳಪೆ ಕೆಲಸ ಮಾಡುವವರೂ ಇದ್ದಾರೆ. ಒಂದೇ ಮಳೆಗೆ ಕಿತ್ತು ಬರುವ ರಸ್ತೆ ಮಾಡಿದವರನ್ನು ಬಿಡಬೇಡಿ. ಅವರ ಠೇವಣಿ ಹಿಡಿಯಿರಿ, ಕೆಲಸ ಮುಗಿದ ಮೇಲೂ ದೋಷಕ್ಕೆ ಅವರೇ ಹೊಣೆಯಾಗಿರುವ ಅವಧಿಯಲ್ಲಿ ಅವರ ಕೈಲೇ ಸರಿ ಮಾಡಿಸಿ, ಕೇಸು ಹಾಕಿ. ಹಾಗೆಯೇ ಶೇ 30, ಶೇ 35 ಕಡಿಮೆ ಹಾಕಿ ಟೆಂಡರ್ ಹಿಡಿಯುವವರಿಂದ ಪ್ರಾಮಾಣಿಕವಾಗಿ ಲೆಕ್ಕ ಹಾಕಿದವರು ಹೊರಗೆ ಉಳಿಯುತ್ತಿದ್ದಾರೆ. ಅದನ್ನೂ ನೋಡಿ. ಆದರೆ ಅವರನ್ನು ತೋರಿಸಿ ಎಲ್ಲರ ನ್ಯಾಯವನ್ನೂ ತಡೆಯಬೇಡಿ.

ಆದ್ದರಿಂದ ತಮ್ಮಲ್ಲಿ ಇಷ್ಟು ಕೇಳಿಕೊಳ್ಳುತ್ತೇನೆ. ಮೊದಲನೆಯದಾಗಿ, ಹಣ ಮೀಸಲಿಡದೆ, ಜಾಗ ಖಾಲಿ ಮಾಡಿಸದೆ ಯಾವ ಇಲಾಖೆಯೂ ವರ್ಕ್ ಆರ್ಡರ್ ಕೊಡಬಾರದು. ಇದೊಂದು ಆದೇಶ ಹೊರಟರೆ ಈ ಪತ್ರದ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ಕಾಮಗಾರಿಯ ಅವಧಿ ಎಣಿಸುವುದು ಜಾಗ ಹಸ್ತಾಂತರವಾದ ತಾರೀಖಿನಿಂದ ಇರಲಿ, ಆ ದಿನದ ಫೋಟೋ ಸಮೇತ. ಇಲಾಖೆಯಿಂದ ಆದ ತಡಕ್ಕೆ ಬೆಲೆ ಏರಿಕೆ, ತೆರಿಗೆ ವ್ಯತ್ಯಾಸ ಕೊಡುವ ಷರತ್ತು ಸಣ್ಣ ಕರಾರುಗಳಲ್ಲೂ ಬರಲಿ.

ಬಾಯಿಮಾತಿನ ಆದೇಶ ನಿಲ್ಲಲಿ. ಪಾಯದ ಆಳ ಬದಲಾದರೆ ಎಂಜಿನಿಯರ್ ಸ್ಥಳದಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದು, ಅಳತೆ ಬರೆದು, ಒಪ್ಪಿಗೆ ಕಳಿಸುವ ವ್ಯವಸ್ಥೆ ಮಾಡಿ. ನಿಗದಿತ ದಿನದೊಳಗೆ ಮೇಲಿನವರು ಬೇಡ ಅನ್ನದಿದ್ದರೆ ಒಪ್ಪಿದಂತೆ ಅಂತ ಇರಲಿ. ಸದುದ್ದೇಶದಿಂದ ಬರೆದ ಎಂಜಿನಿಯರ್‌ಗೆ ಆಡಿಟ್‌ನಿಂದ ರಕ್ಷಣೆಯೂ ಬೇಕು. ಅವರು ಹೆದರುವವರೆಗೆ ನಮಗೆ ಬರವಣಿಗೆ ಸಿಗುವುದಿಲ್ಲ. ವಿಸ್ತರಣೆಗೆ, ಫೈನಲ್ ಬಿಲ್‌ಗೆ ಮುಚ್ಚಳಿಕೆ ಕೇಳಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ.

ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪ್ರತಿ ವಿಭಾಗವೂ ಯಾವ ಗುತ್ತಿಗೆದಾರನಿಗೆ ಎಷ್ಟು ಬಾಕಿ, ಯಾವ ತಾರೀಖಿನ ಬಿಲ್, ಜ್ಯೇಷ್ಠತೆಯಲ್ಲಿ ಎಷ್ಟನೆಯದು ಅಂತ ಸಹಿ ಮಾಡಿದ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಲಿ. ಕಾಲಮಿತಿಯ ಗಂಡಾಂತರ ಅದರಿಂದ ತಪ್ಪುತ್ತದೆ. ಸಾಲು ತಪ್ಪಿಸಿ ಹಣ ಬಿಡುಗಡೆ ಮಾಡುವುದೂ ಕಷ್ಟವಾಗುತ್ತದೆ. ಹಳೆಯ ವ್ಯಾಜ್ಯಗಳಿಗೆ ಕೇಂದ್ರ 2023ರಲ್ಲಿ ‘ವಿವಾದ್ ಸೇ ವಿಶ್ವಾಸ್’ ಎರಡನೇ ಯೋಜನೆ ತಂದಂತೆ ರಾಜ್ಯವೂ ಒಂದು ಇತ್ಯರ್ಥ ಯೋಜನೆ ತರಲಿ. ಅಲ್ಲಿ ಕೋರ್ಟ್ ಆದೇಶವಾಗಿದ್ದ ಮೊತ್ತದಲ್ಲಿ ಶೇ 85ರವರೆಗೆ, ಆರ್ಬಿಟ್ರೇಷನ್ ಆದೇಶವಾಗಿದ್ದರೆ ಶೇ 65ರವರೆಗೆ ಕೊಟ್ಟು ಮುಗಿಸಿಕೊಂಡರು. ಒಂದಿಷ್ಟು ಬಿಟ್ಟುಕೊಟ್ಟು ಬೇಗ ಮುಗಿಸಿಕೊಳ್ಳಲು ನಮ್ಮಲ್ಲಿ ಬಹಳ ಜನ ತಯಾರಿದ್ದಾರೆ.

ಇನ್ನೊಂದು ವಿಷಯ. ನಾನು ಇಲ್ಲಿಯವರೆಗೆ ಸಹಿ ಹಾಕಿದ ಕರಾರುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಲೆಕ್ಕ ಬರೆಯುವ ಸಣ್ಣ ಗುತ್ತಿಗೆದಾರರಿಗೆ ಕನ್ನಡದಲ್ಲೇ ಕರಾರು ಕೊಡಿ. ಏನಕ್ಕೆ ಸಹಿ ಹಾಕುತ್ತಿದ್ದೇವೆ ಅಂತ ಸಹಿಗೆ ಮೊದಲೇ ಗೊತ್ತಾಗಲಿ.

ಈ ಪತ್ರ ಓದುವ ನನ್ನ ಗುತ್ತಿಗೆದಾರ ಗೆಳೆಯರಿಗೂ ಒಂದು ಮಾತು. ಸರ್ಕಾರ ಬದಲಾಯಿಸುವವರೆಗೆ ನಾವು ಕಾಯಬೇಕಿಲ್ಲ. ಜಾಗ ಸಿಗದಿದ್ದರೆ ಅವತ್ತೇ ಪತ್ರ ಬರೆಯಿರಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ‘ತಾವು ಇಂದು ಸ್ಥಳದಲ್ಲಿ ಸೂಚಿಸಿದಂತೆ’ ಅಂತ ಸಂಜೆಯೇ ಇಮೇಲ್ ಮಾಡಿ. ಮಣ್ಣು ಮುಚ್ಚುವ ಮೊದಲು ಟೇಪ್ ಹಿಡಿದು ಫೋಟೋ ತೆಗೆಯಿರಿ. ಟಪಾಲಿನಲ್ಲಿ ಸೀಲ್ ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮುಚ್ಚಳಿಕೆ ಬರೆಯಲೇಬೇಕಾಗಿ ಬಂದರೆ ಒತ್ತಾಯಕ್ಕೆ ಬರೆದೆ ಅಂತ ತಕ್ಷಣ ಒಂದು ಪತ್ರ ಹಾಕಿ. 3 ವರ್ಷದ ಲೆಕ್ಕವನ್ನು ಮರೆಯಬೇಡಿ.

ಮಾನ್ಯ ಮುಖ್ಯ ಕಾರ್ಯದರ್ಶಿಗಳೇ, ನಾನು ಕಟ್ಟಿದ ಆ ಎರಡು ಕೊಠಡಿಗಳಲ್ಲಿ ಈಗ ಪಾಠ ನಡೆಯುತ್ತಿದೆ. ಗೋಡೆಯಲ್ಲಿ ಇವತ್ತಿಗೂ ಒಂದು ಸೀಳಿಲ್ಲ. ಆ ಕೆಲಸದ ವರ್ಕ್ ಆರ್ಡರ್, ಜಾಗಕ್ಕಾಗಿ ಬರೆದ ಪತ್ರಗಳು, ಪಾಯದ ಫೋಟೋಗಳು, ಗರಸಿನ ರಸೀದಿಗಳು ನನ್ನ ಹತ್ತಿರ ಇವೆ. ಟೆಂಡರ್ ದಾಖಲೆಗಳನ್ನು ತಿದ್ದಲು ತಾವು ಸಮಿತಿ ಮಾಡಿದರೆ, ದೊಡ್ಡ ಕಂಪನಿಗಳ ಜೊತೆ ಜಿಲ್ಲೆಗಳ ಸಣ್ಣ ಗುತ್ತಿಗೆದಾರರನ್ನೂ ಕರೆದು ಕೇಳಿ. ಯಾವ ದಿನ ಕರೆದರೂ ಈ ಕಾಗದಗಳ ಸಮೇತ ಬರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಸಿವಿಲ್ ಗುತ್ತಿಗೆದಾರ,
ಹಾವೇರಿ ಜಿಲ್ಲೆ